ಭಾಷಣ ಬಿಡಿ, ಎರಡನೆಯ ಪ್ರಶ್ನೆ ನೋಡಿ: ಪ್ರೈಮರಿ ಸಭೆಗಳಲ್ಲಿ ಅಭ್ಯರ್ಥಿಗಳನ್ನು ಹೋಲಿಸುವ ಬಗೆ

ನಮ್ಮ ಕಡೆ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವುದು ಹೈಕಮಾಂಡ್. ಅಮೆರಿಕದಲ್ಲಿ ಆ ಕೆಲಸ ಮತದಾರರ ಪಾಲಿಗೆ ಬಂದಿದೆ. ಅದಕ್ಕಾಗಿ ನಡೆಯುವ ಚುನಾವಣೆಯೇ ಪ್ರೈಮರಿ. ಒಂದೇ ಪಕ್ಷದ ಐದಾರು ಮಂದಿ ಕಣದಲ್ಲಿರುವಾಗ ಅವರ ನಿಲುವುಗಳ ನಡುವೆ ಅಂಥ ದೊಡ್ಡ ಅಂತರ ಇರುವುದಿಲ್ಲ. ತೆರಿಗೆ, ಆರೋಗ್ಯ ವಿಮೆ, ವಲಸೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ದಿಕ್ಕು. ಹಾಗಾಗಿ ಆಯ್ಕೆ ಕೊನೆಗೆ ವ್ಯಕ್ತಿಯ ಮೇಲೆ ಬಂದು ನಿಲ್ಲುತ್ತದೆ: ಅವರು ಹೇಗೆ ಮಾತಾಡುತ್ತಾರೆ, ಹೇಗೆ ಕೇಳಿಸಿಕೊಳ್ಳುತ್ತಾರೆ, ಪೇಚಿಗೆ ಸಿಕ್ಕಾಗ ಏನು ಮಾಡುತ್ತಾರೆ.

ಇದನ್ನು ಹತ್ತಿರದಿಂದ ನೋಡಲು ನ್ಯೂ ಹ್ಯಾಂಪ್‌ಶೈರ್‌ನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. 1920ರಿಂದ ದೇಶದ ಮೊದಲ ಪ್ರೈಮರಿ ಎಂಬ ಪಟ್ಟವನ್ನು ಆ ರಾಜ್ಯ ಬಿಟ್ಟುಕೊಟ್ಟಿಲ್ಲ. ಇಂಥದ್ದೇ ಬೇರೆ ಯಾವ ಚುನಾವಣೆಗಿಂತಲೂ ಕನಿಷ್ಠ ಏಳು ದಿನ ಮೊದಲು ತನ್ನದು ನಡೆಯಬೇಕು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ಅಧ್ಯಕ್ಷ ಸ್ಥಾನದ ಪ್ರೈಮರಿ ಮತಪತ್ರದಲ್ಲಿ ಹೆಸರು ಹಾಕಿಸಿಕೊಳ್ಳಲು 1,000 ಡಾಲರ್ ಕಟ್ಟಿದರೆ ಸಾಕು. ಹೀಗಾಗಿ ನಾಳೆ ಅಧ್ಯಕ್ಷರಾಗಬಹುದಾದವರು ಇಂದು ಯಾರದೋ ಮನೆಯ ಹಜಾರದಲ್ಲಿ, ನಲವತ್ತು ಜನರ ನಡುವೆ, ಕಾಗದದ ಲೋಟದಲ್ಲಿ ಕಾಫಿ ಹಿಡಿದು ನಿಂತಿರುತ್ತಾರೆ. ಅಯೋವಾದಲ್ಲೂ 1972ರಿಂದ ಈ ಬಗೆಯ ಪ್ರಚಾರ ನಡೆದುಬಂದಿದೆ. ಆದರೆ ಅಲ್ಲಿನದು ಕಾಕಸ್, ಅಂದರೆ ಪಕ್ಷದವರು ಒಂದೆಡೆ ಸೇರಿ ಅಭ್ಯರ್ಥಿಯನ್ನು ಆರಿಸುವ ಸಭೆ. ಡೆಮಾಕ್ರಟಿಕ್ ಪಕ್ಷದ ಕಾಕಸ್‌ಗಳಲ್ಲಿ ಬಹುಕಾಲ ನೆರೆಹೊರೆಯವರ ಕಣ್ಣೆದುರೇ ತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕಿತ್ತು. ಆದ್ದರಿಂದ ಅಯೋವಾದ ಸಭೆಗಳಲ್ಲಿ ಕಾರ್ಯಕರ್ತರು ಬೆಂಬಲದ ಕಾರ್ಡಿಗೆ ಸಹಿ ಹಾಕಿಸಿಕೊಳ್ಳಲು ಬೆನ್ನು ಬೀಳುತ್ತಾರೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗುಪ್ತ ಮತದಾನ. ಮತದಾರರು ಕೊನೆಯ ವಾರದವರೆಗೂ ಗುಟ್ಟು ಬಿಡುವುದಿಲ್ಲ, ಹತ್ತು ಸಭೆಗೆ ಹೋಗಿ ಬರುತ್ತಾರೆ. ಈ ಬರಹ ಅಂಥ ಮತದಾರರಿಗಾಗಿ.

ಮತ ಹಾಕುವ ಹಕ್ಕು ಪ್ರಜೆಗಳಿಗೆ ಮಾತ್ರ. ಆದರೆ ಸಭೆಗೆ ಹೋಗಲು, ಪ್ರಶ್ನೆ ಕೇಳಲು ಪೌರತ್ವ ಬೇಕಿಲ್ಲ. ಎಚ್-1ಬಿ ಉದ್ಯೋಗ ವೀಸಾದಲ್ಲಿ ಇರುವವರು ಸಂಬಳವಿಲ್ಲದ ಸ್ವಯಂಸೇವಕರಾಗಿ ದುಡಿಯಬಹುದು. ದೇಣಿಗೆ ಮಾತ್ರ ಕೊಡುವಂತಿಲ್ಲ. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಇರುವವರು ಕೊಡಬಹುದು. ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾ ಸುತ್ತಮುತ್ತಲಿನ ಕನ್ನಡದ ಕುಟುಂಬಗಳಲ್ಲಿ ಈ ಮೂರೂ ಬಗೆಯವರಿರುತ್ತಾರೆ, ಅದಕ್ಕೇ ಮೊದಲೇ ಹೇಳಿದ್ದು.

ಯಾವ ಸಭೆಯಲ್ಲಿ ಏನು ಕಾಣುತ್ತದೆ

ಹೋಲಿಕೆಯ ಮೊದಲ ನಿಯಮ: ಒಬ್ಬರನ್ನು ಮನೆ ಸಭೆಯಲ್ಲೂ ಇನ್ನೊಬ್ಬರನ್ನು ದೊಡ್ಡ ರ‍್ಯಾಲಿಯಲ್ಲೂ ನೋಡಿ ತೀರ್ಪು ಕೊಡಬೇಡಿ. ಸಭೆಯ ಬಗೆಯೇ ಅಭ್ಯರ್ಥಿಯ ಅರ್ಧ ಗುಣವನ್ನು ತೋರಿಸುತ್ತದೆ, ಇನ್ನರ್ಧವನ್ನು ಮುಚ್ಚಿಡುತ್ತದೆ.

ಮನೆ ಸಭೆಯಲ್ಲಿ ಮೂವತ್ತರಿಂದ ಅರವತ್ತು ಜನ. ಆತಿಥೇಯರು ಎರಡು ನಿಮಿಷ ಪರಿಚಯ ಮಾಡಿಕೊಡುತ್ತಾರೆ, ಅಭ್ಯರ್ಥಿ ಹದಿನೈದು ಇಪ್ಪತ್ತು ನಿಮಿಷ ಮಾತಾಡುತ್ತಾರೆ, ಆಮೇಲೆ ಪ್ರಶ್ನೆಗಳು. ಮೈಕ್ ಇರುವುದಿಲ್ಲ ಅಥವಾ ಹೆಸರಿಗೆ ಒಂದಿರುತ್ತದೆ. ಅಭ್ಯರ್ಥಿ ಕೇಳಿಸಿಕೊಳ್ಳುವಾಗಿನ ಮುಖವನ್ನು ಹತ್ತು ಅಡಿ ದೂರದಿಂದ ನೋಡಲು ಸಿಗುವುದು ಇಲ್ಲಿ ಮಾತ್ರ. ಕೊರತೆ ಏನೆಂದರೆ, ಬಂದವರಲ್ಲಿ ಹೆಚ್ಚಿನವರು ಆತಿಥೇಯರ ಗೆಳೆಯರು. ಇನ್ನೊಬ್ಬರ ಮನೆಯಲ್ಲಿ ಕೂತು ಅತಿಥಿಯನ್ನು ಕಟುವಾಗಿ ಕೇಳಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಗಾಗಿ ಪ್ರಶ್ನೆಗಳು ಮೆತ್ತಗಿರುತ್ತವೆ. ಆ ಮೆತ್ತನೆಯ ಪ್ರಶ್ನೆಗೂ ಹಾರಿಕೆಯ ಉತ್ತರ ಕೊಟ್ಟರೆ ಅದನ್ನು ಎರಡು ಪಟ್ಟು ಗಂಭೀರವಾಗಿ ತೆಗೆದುಕೊಳ್ಳಿ.

ಟೌನ್ ಹಾಲ್ ಸಭೆ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಮಾಜಿ ಸೈನಿಕರ ಸಂಘದ ಹಾಲಿನಲ್ಲೋ ನಡೆಯುತ್ತದೆ. ಐವತ್ತರಿಂದ ಇನ್ನೂರು ಕುರ್ಚಿ, ನಡುವೆ ಅಭ್ಯರ್ಥಿ, ಕೈಯಲ್ಲಿ ಮೈಕ್. ನಮ್ಮ ಅಂದಾಜಿನಲ್ಲಿ ಹೋಲಿಕೆಗೆ ಎಲ್ಲಕ್ಕಿಂತ ಯೋಗ್ಯವಾದದ್ದು ಇದೇ, ಏಕೆಂದರೆ ಅಪರಿಚಿತರು ಬಂದಿರುತ್ತಾರೆ, ಬೇರೆ ಪಕ್ಷದವರೂ ಬಂದಿರುತ್ತಾರೆ. ಆದರೆ ಪ್ರಶ್ನೆ ಕೇಳುವವರನ್ನು ಆರಿಸುವುದು ಯಾರು ಎಂಬುದನ್ನು ಮೊದಲು ಗಮನಿಸಿ. ಅಭ್ಯರ್ಥಿಯೇ ಕೈ ತೋರಿಸಿ ಕರೆಯುವುದು ಒಂದು ರೀತಿ. 2020ರ ಡೆಮಾಕ್ರಟಿಕ್ ಪ್ರಚಾರದಲ್ಲಿ ಎಲಿಜಬೆತ್ ವಾರನ್ ಅವರ ಸಭೆಗಳಲ್ಲಿ ಬಾಗಿಲಲ್ಲೇ ಸಂಖ್ಯೆಯಿರುವ ಟೋಕನ್ ಕೊಟ್ಟು, ಲಾಟರಿಯಂತೆ ಸಂಖ್ಯೆ ಎತ್ತಿ ಪ್ರಶ್ನೆಗೆ ಅವಕಾಶ ಕೊಡುತ್ತಿದ್ದರು. ಅದೇ ಕಣದಲ್ಲಿದ್ದ ಪೀಟ್ ಬುಟಿಜೆಜ್ ಅವರ ಸಭೆಗಳಲ್ಲಿ ಜನ ಬರೆದುಕೊಟ್ಟ ಪ್ರಶ್ನೆಗಳನ್ನು ಗಾಜಿನ ಬೋಗುಣಿಯಿಂದ ತೆಗೆದು ಓದುತ್ತಿದ್ದರು. ಲಾಟರಿಯಲ್ಲಿ ಪ್ರಶ್ನೆ ಕೇಳುವ ವ್ಯಕ್ತಿ ಎದ್ದು ನಿಲ್ಲುತ್ತಾರೆ, ಅವರ ಧ್ವನಿ ಇರುತ್ತದೆ, ತಿರುಗಿ ಕೇಳುವ ಸಾಧ್ಯತೆಯೂ ಇರುತ್ತದೆ. ಚೀಟಿಯಲ್ಲಿ ಬರೆದ ಪ್ರಶ್ನೆಗೆ ಇದ್ಯಾವುದೂ ಇಲ್ಲ. ಓದುವವರು ಓದಿ ಮುಗಿಸುತ್ತಾರೆ, ಅಭ್ಯರ್ಥಿ ತಮಗೆ ಬೇಕಾದಷ್ಟು ಉತ್ತರಿಸಿ ಮುಂದೆ ಹೋಗುತ್ತಾರೆ. ಚೀಟಿ ಸಭೆಯಲ್ಲಿ ಸುಂದರವಾಗಿ ಉತ್ತರಿಸಿದವರಿಗೆ ಎದ್ದು ನಿಂತು ಕೇಳುವ ಸಭೆಯಲ್ಲಿ ತಡವರಿಸಿದವರಷ್ಟೇ ಅಂಕ ಕೊಟ್ಟರೂ ತಪ್ಪಿಲ್ಲ.

ಡೈನರ್, ಅಂದರೆ ಊರಿನ ಸಾಧಾರಣ ಹೋಟೆಲಿನ, ಭೇಟಿಯಿಂದ ಹೆಚ್ಚೇನೂ ಸಿಗುವುದಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿರುವ ರೆಡ್ ಆ್ಯರೋ ಡೈನರ್‌ಗೆ ಬಾರದ ಅಭ್ಯರ್ಥಿ ಅಪರೂಪ, ಆದರೆ ಅಲ್ಲಿ ತಿನ್ನುತ್ತಿರುವವರಿಗಿಂತ ಕ್ಯಾಮೆರಾ ಹಿಡಿದವರೇ ಹೆಚ್ಚು. ಒಂದೇ ಒಂದು ವಿಷಯ ನೋಡಬಹುದು: ಅಭ್ಯರ್ಥಿ ಮಾತಾಡಿಸುತ್ತಿರುವ ವ್ಯಕ್ತಿಯ ಕಡೆ ಮುಖ ಮಾಡಿದ್ದಾರೋ, ಕ್ಯಾಮೆರಾ ಕಡೆಗೋ. ಸಾವಿರಾರು ಜನರ ರ‍್ಯಾಲಿಯನ್ನು ಈ ಲೆಕ್ಕದಿಂದ ಬಿಟ್ಟುಬಿಡಿ. ಅಲ್ಲಿ ಪ್ರಶ್ನೆಯೇ ಇಲ್ಲ.

ನಾಲ್ಕು ಶೈಲಿಗಳು

ಹೆಚ್ಚಿನ ಅಭ್ಯರ್ಥಿಗಳು ಇವುಗಳ ಮಿಶ್ರಣ. ಆದರೂ ಒತ್ತಡ ಬಿದ್ದಾಗ ಪ್ರತಿಯೊಬ್ಬರೂ ತಮಗೆ ಒಗ್ಗಿದ ಒಂದಕ್ಕೆ ಮರಳುತ್ತಾರೆ, ಅದನ್ನು ಗುರುತಿಸಬೇಕು.

ಒಂದು, ಕಂಠಪಾಠದ ಶೈಲಿ. ಭಾಷಣ ಹರಿತವಾಗಿರುತ್ತದೆ, ನಗು ಸರಿಯಾದ ಜಾಗದಲ್ಲಿ, ತಾಯಿತಂದೆಯ ಕಷ್ಟದ ಕಥೆ ಆರನೇ ನಿಮಿಷಕ್ಕೆ. ಕಂಠಪಾಠ ತಪ್ಪೇನಲ್ಲ, ದಿನಕ್ಕೆ ನಾಲ್ಕೈದು ಸಭೆ ಮಾಡುವವರು ಪ್ರತಿ ಸಲ ಹೊಸದಾಗಿ ಮಾತಾಡುವುದು ಅಸಾಧ್ಯ. ಪ್ರಶ್ನೆಗೂ ಭಾಷಣದ ತುಂಡನ್ನೇ ಉತ್ತರವಾಗಿ ಕೊಟ್ಟಾಗ ತೊಂದರೆ ಶುರುವಾಗುತ್ತದೆ. 2016ರ ಫೆಬ್ರುವರಿ 6ರಂದು ಸೇಂಟ್ ಆ್ಯನ್ಸೆಲ್ಮ್ ಕಾಲೇಜಿನ ಚರ್ಚೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಾರ್ಕೊ ರೂಬಿಯೊ ಒಬಾಮ ಬಗೆಗಿನ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿದರು, ಅದೂ ಪ್ರತಿಸ್ಪರ್ಧಿ ಕ್ರಿಸ್ ಕ್ರಿಸ್ಟಿ ಇದು ಬಾಯಿಪಾಠದ ಮಾತು ಎಂದು ಎದುರಿಗೇ ಆಡಿ ತೋರಿಸಿದ ಮೇಲೂ. ಪತ್ತೆ ಹಚ್ಚುವ ವಿಧಾನ ಸುಲಭ: ಹೋಗುವ ಹಿಂದಿನ ದಿನ ಆ ಅಭ್ಯರ್ಥಿಯ ಬೇರೊಂದು ಊರಿನ ಸಭೆಯ ವಿಡಿಯೊ ಪೂರ್ತಿ ನೋಡಿ, ಎದ್ದು ಕಾಣುವ ಎಂಟು ಹತ್ತು ವಾಕ್ಯ ಬರೆದಿಟ್ಟುಕೊಳ್ಳಿ. ಮರುದಿನ ಪ್ರಶ್ನೆಗಳಿಗೆ ಕೊಡುವ ಉತ್ತರದಲ್ಲಿ ಅವೇ ವಾಕ್ಯಗಳು ಎಷ್ಟು ಸಲ ಬಂದವು ಎಂದು ಗೆರೆ ಹಾಕಿ.

ಎರಡು, ಯೋಜನೆ ಬಿಡಿಸಿಡುವ ಶೈಲಿ. ಯಾವ ಖಾತೆಯಿಂದ ಹಣ, ಎಷ್ಟು ವರ್ಷದಲ್ಲಿ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಯಾವ ಮಸೂದೆ ಎಂದು ಹೇಳುತ್ತಾರೆ. ಕೇಳಲು ಬೇಸರ ತರಿಸಬಹುದು, ಆದರೆ ಆಡಳಿತದ ಕೆಲಸಕ್ಕೆ ಇದು ಹತ್ತಿರ. ಇವರನ್ನು ಪರೀಕ್ಷಿಸಲು ಯೋಜನೆಯ ಬಗ್ಗೆ ಕೇಳಬೇಡಿ. ಅದು ಅವರ ಅಂಗಳ. ಮೇಲ್ಮನೆ ಸೆನೆಟ್‌ನಲ್ಲಿ ಇದಕ್ಕೆ ಬಹುಮತ ಸಿಗದಿದ್ದರೆ ಯಾವ ಭಾಗವನ್ನು ಬಿಟ್ಟುಕೊಡುತ್ತೀರಿ ಎಂದು ಕೇಳಿ. ಯಾವುದನ್ನೂ ಬಿಡುವುದಿಲ್ಲ ಎಂದರೆ ಅವರ ಯೋಜನೆ ಕಾಗದದ ಮೇಲಿನದು ಎಂದುಕೊಳ್ಳಿ.

ಮೂರು, ಜನರಿಂದ ಹೊರಡಿಸುವ ಶೈಲಿ. ಡೆಮಾಕ್ರಟಿಕ್ ಪ್ರೈಮರಿಗೆ ನಿಂತಿದ್ದ ಬರ್ನಿ ಸ್ಯಾಂಡರ್ಸ್ ತಮ್ಮ ಸಭೆಗಳಲ್ಲಿ ನಿಮ್ಮ ಆರೋಗ್ಯ ವಿಮೆಯಲ್ಲಿ ಮೊದಲು ನೀವೇ ಕೈಯಿಂದ ಕಟ್ಟಬೇಕಾದ ಮೊತ್ತ ಎಷ್ಟು ಎಂದು ಸಭಿಕರನ್ನೇ ಕೇಳಿ, ಅವರು ಕೂಗಿ ಹೇಳಿದ ಅಂಕಿಗಳ ಮೇಲೆ ಮಾತು ಕಟ್ಟುತ್ತಿದ್ದರು. ಸಭೆಯಲ್ಲಿ ಇದರಷ್ಟು ಬಲವಾದ ಶೈಲಿ ಇನ್ನೊಂದಿಲ್ಲ, ಏಕೆಂದರೆ ಮಾತಾಡಿದವರು ಪಕ್ಕದ ಕುರ್ಚಿಯವರು. ಇಲ್ಲಿ ನೋಡಬೇಕಾದದ್ದು, ಕೇಳಿಸಿಕೊಂಡ ಮಾತು ಅಭ್ಯರ್ಥಿಯ ಮಾತನ್ನು ಎಲ್ಲಾದರೂ ಬದಲಿಸಿತೇ ಎಂಬುದನ್ನು. ಯಾರು ಏನು ಹೇಳಿದರೂ ಉತ್ತರ ಒಂದೇ ಪರಿಹಾರಕ್ಕೆ ಹೋಗಿ ಸೇರುತ್ತದೆ ಎಂದಾದರೆ, ಜನರ ಕಷ್ಟ ಬರೀ ಪೀಠಿಕೆಯಾಗಿ ಬಳಕೆಯಾಗಿದೆ ಎಂದರ್ಥ. ಹಾಗಲ್ಲದೆ, ಎದುರಿನವರ ಮಾತನ್ನು ಅಭ್ಯರ್ಥಿ ಮುಂದಿನ ಊರಿಗೂ ಹೊತ್ತೊಯ್ಯುವುದುಂಟು. 2007ರ ಜೂನ್‌ನಲ್ಲಿ ಸೌತ್ ಕ್ಯಾರೊಲೈನಾದ ಗ್ರೀನ್‌ವುಡ್‌ನಲ್ಲಿ ಒಬಾಮ ಸಭೆಗೆ ಸೇರಿದ್ದವರು ಸುಮಾರು ಇಪ್ಪತ್ತು ಜನ, ಹೊರಗೆ ಮಳೆ. ಅಲ್ಲಿನ ಕೌಂಟಿ ಕೌನ್ಸಿಲ್‌ನ ಮಹಿಳೆಯೊಬ್ಬರು ‘ಹುರುಪೆದ್ದಿದೆಯಾ, ಹೊರಡಲು ತಯಾರಾ’ ಎಂಬರ್ಥದ ಘೋಷಣೆ ಕೂಗಿಸಿದರು. ಅದು ಒಬಾಮ ಪ್ರಚಾರದ ಘೋಷಣೆಯೇ ಆಗಿಹೋಯಿತು.

ನಾಲ್ಕು, ಜಗಳದ ಶೈಲಿ. ಎದುರಾಳಿಯ ಹೆಸರು ಹೇಳಿ ಹೊಡೆಯುವವರು, ಪ್ರಶ್ನೆ ಕೇಳಿದವರ ಜೊತೆಗೂ ವಾದಕ್ಕಿಳಿಯುವವರು. ಸಭೆ ಚುರುಕಾಗುತ್ತದೆ. ಇದನ್ನು ತಕ್ಷಣ ತಳ್ಳಿಹಾಕಬೇಡಿ. ತಮ್ಮ ಬೆಂಬಲಿಗರ ಜೊತೆಗೇ ವಾದಿಸುವ ಧೈರ್ಯ ದೊಡ್ಡ ಗುಣ. ಆದರೆ ವಾದ ವಿಷಯದ ಮೇಲೆ ನಿಂತಿತೋ ಮನುಷ್ಯನ ಮೇಲೆ ಹೋಯಿತೋ ಎಂದು ಗಮನಿಸಿ. 2019ರ ಡಿಸೆಂಬರ್ 5ರಂದು ಅಯೋವಾದ ನ್ಯೂ ಹ್ಯಾಂಪ್ಟನ್‌ನಲ್ಲಿ ವಯಸ್ಸಾದ ರೈತರೊಬ್ಬರು ಜೋ ಬೈಡನ್ ಅವರನ್ನು ಮಗನ ಉಕ್ರೇನ್ ವ್ಯವಹಾರದ ಬಗ್ಗೆ, ವಯಸ್ಸಿನ ಬಗ್ಗೆ ಕೇಳಿದರು. ಬೈಡನ್ ಆ ರೈತರನ್ನೇ ಸುಳ್ಳುಗಾರ ಎಂದು ಕರೆದು, ಬಾ ದಂಡ (ಪುಷ್-ಅಪ್) ಹೊಡೆಯೋಣ ಎಂದು ಸವಾಲು ಹಾಕಿದರು. ಮಗನ ವಿಷಯಕ್ಕೆ ತಂದೆಗೆ ಸಿಟ್ಟು ಬರುವುದು ಸಹಜ ಎನ್ನಬಹುದು. ಆದರೆ ಆ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿದ್ದೂ ಅದಕ್ಕೆ ತಯಾರಾಗದಿರುವುದು ಶೈಲಿಯ ದೋಷವೇ.

ಅದೇ ಬೈಡನ್ ಎರಡು ತಿಂಗಳ ನಂತರ, 2020ರ ಫೆಬ್ರುವರಿಯಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್‌ನಲ್ಲಿ ಮಾತು ತೊದಲುವ ಒಬ್ಬ ಹುಡುಗನನ್ನು ಭೇಟಿಯಾದರು. ಬಾಲ್ಯದಲ್ಲಿ ತಮಗೂ ಇದ್ದ ತೊದಲಿನ ಬಗ್ಗೆ ಮಾತಾಡಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಗುರುತು ಹಾಕಿಕೊಂಡಿದ್ದ ತಮ್ಮ ಭಾಷಣದ ಹಾಳೆಯನ್ನೇ ತೋರಿಸಿದರು. ಎರಡರಲ್ಲಿ ಯಾವುದು ನಿಜವಾದ ಬೈಡನ್ ಎಂದು ಕೇಳಿ ಪ್ರಯೋಜನವಿಲ್ಲ, ಎರಡೂ ನಿಜ. ಒಂದೇ ಸಭೆ ನೋಡಿದವರಿಗೆ ಅರ್ಧ ಮಾತ್ರ ಸಿಕ್ಕಿರುತ್ತದೆ. ಆದ್ದರಿಂದ ಅಂತಿಮವಾಗಿ ಇಬ್ಬರ ನಡುವೆ ಆರಿಸಬೇಕಾಗಿ ಬಂದಾಗ ಒಬ್ಬೊಬ್ಬರನ್ನೂ ಎರಡು ಸಲವಾದರೂ ನೋಡಿ: ಒಂದು ಬೆಳಗಿನ ಸಭೆ, ಒಂದು ದಿನದ ಕೊನೆಯ ಸಭೆ. ರಾತ್ರಿ ಎಂಟರ ಸಭೆಯಲ್ಲಿ ದಣಿವು ಮುಖವಾಡ ಕಳಚಿರುತ್ತದೆ.

ಎರಡನೆಯ ಪ್ರಶ್ನೆ

ಇಡೀ ಸಭೆಯಲ್ಲಿ ಒಂದೇ ಒಂದು ಕ್ಷಣವನ್ನು ಗಮನಿಸುವಷ್ಟು ಮಾತ್ರ ಶಕ್ತಿ ಇದೆ ಎಂದಾದರೆ ಇದನ್ನು ಗಮನಿಸಿ. ಮೊದಲ ಪ್ರಶ್ನೆಗೆ ಉತ್ತರ ತಯಾರಿಯಿಂದ ಬರಬಹುದು. ಕೇಳಿದವರು ಉತ್ತರಕ್ಕೆ ತೃಪ್ತರಾಗದೆ ತಿರುಗಿ ಕೇಳಿದಾಗ ಬರುವ ಉತ್ತರಕ್ಕೆ ಯಾವ ತಯಾರಿಯೂ ಇರುವುದಿಲ್ಲ.

2023ರ ಡಿಸೆಂಬರ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಉತ್ತರದ ಊರು ಬರ್ಲಿನ್‌ನಲ್ಲಿ ನಿಕ್ಕಿ ಹೇಲಿ ಅವರ ಟೌನ್ ಹಾಲ್. ಪಂಜಾಬಿನಿಂದ ಹೋದ ಸಿಖ್ ಕುಟುಂಬದ ಮಗಳು, ಸೌತ್ ಕ್ಯಾರೊಲೈನಾದ ಗವರ್ನರ್ ಆಗಿದ್ದವರು, ಸಭೆಗಳಲ್ಲಿ ಪಳಗಿದವರು. ಒಬ್ಬರು ಎದ್ದು ಅಮೆರಿಕದ ಅಂತರ್ಯುದ್ಧಕ್ಕೆ ಕಾರಣ ಏನು ಎಂದು ಕೇಳಿದರು. ಹೇಲಿ ಮೊದಲು ಪ್ರಶ್ನೆ ಸುಲಭದ್ದಲ್ಲ ಎಂದು ನಗೆಯಾಡಿದರು, ನಂತರ ಸರ್ಕಾರ ಹೇಗೆ ನಡೆಯಬೇಕು, ಜನರ ಸ್ವಾತಂತ್ರ್ಯ ಎಷ್ಟು ಎಂಬುದೇ ಮೂಲ ಎಂದರು. ನೀವೇನು ಹೇಳುತ್ತೀರಿ ಎಂದು ಕೇಳಿದವರಿಗೇ ಪ್ರಶ್ನೆ ತಿರುಗಿಸಿದರು. ಅವರು, ಅಧ್ಯಕ್ಷ ಸ್ಥಾನಕ್ಕೆ ನಿಂತಿರುವುದು ನಾನಲ್ಲ ಎಂದರು. ಹೇಲಿ ಮತ್ತೆ ಸ್ವಾತಂತ್ರ್ಯ, ಸರ್ಕಾರದ ಪಾತ್ರ ಎಂದು ಮುಂದುವರಿಸಿದರು. ಗುಲಾಮಗಿರಿ ಎಂಬ ಪದವನ್ನೇ ಎತ್ತದೆ ಈ ಕಾಲದಲ್ಲಿ ಇಂಥ ಉತ್ತರ ಬಂದದ್ದು ಅಚ್ಚರಿ ಎಂದು ಪ್ರಶ್ನೆ ಕೇಳಿದವರು ಹೇಳಿದಾಗ ಹೇಲಿ, ಗುಲಾಮಗಿರಿಯ ಬಗ್ಗೆ ನಾನೇನು ಹೇಳಬೇಕು ಎಂದುಕೊಂಡಿದ್ದೀರಿ ಎಂದು ಕೇಳಿ, ಮುಂದಿನ ಪ್ರಶ್ನೆಗೆ ಹೋದರು. ಮರುದಿನ ಬೆಳಿಗ್ಗೆ ರೇಡಿಯೊದಲ್ಲಿ, ಯುದ್ಧ ಗುಲಾಮಗಿರಿಯ ಕುರಿತೇ ಎಂಬುದು ಗೊತ್ತಿದ್ದದ್ದೇ ಎಂದು ಸ್ಪಷ್ಟನೆ ಕೊಟ್ಟರು.

ಈ ಸಣ್ಣ ಮಾತುಕತೆಯಲ್ಲಿ ನಾಲ್ಕು ತಿರುವುಗಳಿವೆ: ನಗೆಯಾಡುವುದು, ಮಾತನ್ನು ಎತ್ತರದ ತತ್ತ್ವಕ್ಕೆ ಒಯ್ಯುವುದು, ಪ್ರಶ್ನೆಯನ್ನು ಕೇಳಿದವರ ಮೇಲೆ ತಿರುಗಿಸುವುದು, ಮುಂದಿನ ಪ್ರಶ್ನೆ ಎನ್ನುವುದು. ಯಾವ ಪಕ್ಷದ ಯಾವ ಸಭೆಗೆ ಹೋದರೂ ನುಣುಚಿಕೊಳ್ಳುವ ದಾರಿಗಳು ಇವೇ. ಮೊದಲನೆಯದನ್ನು ಕ್ಷಮಿಸಿ, ಎಲ್ಲರೂ ಮಾಡುತ್ತಾರೆ. ಎರಡನೆಯದಕ್ಕೆ ಒಂದು ಗೆರೆ ಹಾಕಿ. ಮೂರು, ನಾಲ್ಕು ಬಂದರೆ ಆ ವಿಷಯದಲ್ಲಿ ಅಭ್ಯರ್ಥಿಗೆ ಯಾರನ್ನೋ ನೋಯಿಸುವ ಭಯ ಇದೆ ಎಂದು ಖಚಿತ. ಯಾರನ್ನು ನೋಯಿಸಲು ಹೆದರುತ್ತಿದ್ದಾರೆ ಎಂದು ಯೋಚಿಸಿದರೆ ಅವರು ಅಧಿಕಾರಕ್ಕೆ ಬಂದಾಗ ಯಾರ ಮಾತಿಗೆ ಬಗ್ಗುತ್ತಾರೆ ಎಂಬುದೂ ತಿಳಿಯುತ್ತದೆ.

ಇನ್ನೊಂದು ಪರೀಕ್ಷೆ ತಾನಾಗಿ ಬರುವಂಥದ್ದು, ನೀವು ಒಡ್ಡಲಾಗದು: ತಮ್ಮದೇ ಬೆಂಬಲಿಗರು ಸುಳ್ಳು ಹೇಳಿದಾಗ ಅಭ್ಯರ್ಥಿ ತಿದ್ದುತ್ತಾರೆಯೇ? 2015ರ ಸೆಪ್ಟೆಂಬರ್ 17ರಂದು ನ್ಯೂ ಹ್ಯಾಂಪ್‌ಶೈರ್‌ನ ರೋಚೆಸ್ಟರ್ ಸಭೆಯಲ್ಲಿ ಒಬ್ಬರು ಒಬಾಮ ಮುಸ್ಲಿಂ, ಅಮೆರಿಕದವರೇ ಅಲ್ಲ ಎಂದಾಗ ಡೊನಾಲ್ಡ್ ಟ್ರಂಪ್ ತಿದ್ದಲಿಲ್ಲ. 2008ರ ಅಕ್ಟೋಬರ್ 10ರಂದು ಮಿನ್ನೆಸೋಟದ ಲೇಕ್‌ವಿಲ್‌ನಲ್ಲಿ ಮಹಿಳೆಯೊಬ್ಬರು ಒಬಾಮ ಅರಬ್ ಎಂದಾಗ ಒಬಾಮ ಎದುರಾಳಿ, ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಆ ಮಹಿಳೆಯ ಕೈಯಿಂದ ಮೈಕ್ ತೆಗೆದುಕೊಂಡು, ಇಲ್ಲಮ್ಮ, ಅವರು ಸಭ್ಯ ಕುಟುಂಬಸ್ಥ, ಈ ದೇಶದ ಪ್ರಜೆ, ಅವರ ಜೊತೆ ನನಗಿರುವುದು ಭಿನ್ನಾಭಿಪ್ರಾಯ ಅಷ್ಟೇ ಎಂದರು. ಎರಡನೆಯದು ಪ್ರೈಮರಿ ಮುಗಿದ ಮೇಲಿನ ಸಭೆ, ಆದರೂ ಅಳತೆಗೋಲು ಅದೇ. ತಮ್ಮ ಜನರ ಎದುರು ತಮ್ಮ ಜನರನ್ನೇ ತಿದ್ದುವುದಕ್ಕಿಂತ ಕಷ್ಟದ ಕೆಲಸ ಸಣ್ಣ ಸಭೆಯಲ್ಲಿ ಬೇರೆ ಇಲ್ಲ. ಇಂಥದ್ದು ನಿಮ್ಮ ಕಣ್ಣೆದುರು ನಡೆದರೆ ಉಳಿದೆಲ್ಲ ಅಂಕಗಳಿಗಿಂತ ಅದಕ್ಕೇ ಹೆಚ್ಚು ತೂಕ ಕೊಡಿ.

ಪ್ರಶ್ನೆ ಬರೆಯುವುದು

ಕೆಟ್ಟ ಪ್ರಶ್ನೆಗಳು ಒಳ್ಳೆಯ ಅಭ್ಯರ್ಥಿಯನ್ನೂ ಕೆಟ್ಟ ಅಭ್ಯರ್ಥಿಯನ್ನೂ ಒಂದೇ ತರಹ ಕಾಣಿಸುತ್ತವೆ. ಎಲ್ಲರೂ ಮಾಡುವ ತಪ್ಪು ಎಂದರೆ ಮೂರು ಪ್ರಶ್ನೆ ಪೋಣಿಸಿ ಕೇಳುವುದು. ಅಭ್ಯರ್ಥಿ ಸುಲಭವಾದದ್ದನ್ನು ಎತ್ತಿಕೊಂಡು ಉಳಿದೆರಡನ್ನು ತೇಲಿಸಿಬಿಡುತ್ತಾರೆ. ಎರಡನೆಯದು ಉದ್ದನೆಯ ಪೀಠಿಕೆ. ಅರ್ಧ ನಿಮಿಷ ದಾಟಿದರೆ ಸಭೆ ಗೊಣಗುತ್ತದೆ, ಅಭ್ಯರ್ಥಿಗೆ ಯೋಚಿಸಲು ಸಮಯವೂ ಸಿಗುತ್ತದೆ. ಮೂರನೆಯದು ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳುವುದು. ಅಭಿಪ್ರಾಯ ಕೇಳಿದರೆ ಅಭಿಪ್ರಾಯವೇ ಸಿಗುತ್ತದೆ, ಅದು ಅವರ ವೆಬ್‌ಸೈಟಿನಲ್ಲೂ ಇದೆ.

ಒಂದು ವಾಕ್ಯದ ಹಿನ್ನೆಲೆ, ಒಂದು ವಾಕ್ಯದ ಪ್ರಶ್ನೆ, ಒಟ್ಟು ಇಪ್ಪತ್ತು ಸೆಕೆಂಡು. ಪ್ರಶ್ನೆಯಲ್ಲಿ ಎರಡರಲ್ಲೊಂದನ್ನು ಆರಿಸುವ ಒತ್ತಾಯ ಇರಲಿ. ಉದಾಹರಣೆಗೆ, ವಲಸೆಯ ವಿಷಯ ನಮ್ಮವರಿಗೆ ಹತ್ತಿರದ್ದು. ‘ಗ್ರೀನ್ ಕಾರ್ಡ್ ಕಾಯುವಿಕೆ ಬಗ್ಗೆ ಏನಂತೀರಿ’ ಎಂದರೆ ವಲಸಿಗರು ದೇಶದ ಶಕ್ತಿ ಎಂಬ ಭಾಷಣ ಬರುತ್ತದೆ. ಬದಲಿಗೆ ಹೀಗೆ ಕೇಳಿ: ‘ಉದ್ಯೋಗ ಆಧಾರಿತ ಗ್ರೀನ್ ಕಾರ್ಡಿನಲ್ಲಿ ಯಾವ ದೇಶಕ್ಕೂ ಶೇಕಡ 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿ ಇದೆ, ಅದರಿಂದ ಭಾರತದವರ ಸರತಿ ದಶಕಗಳಷ್ಟು ಉದ್ದವಾಗಿದೆ. ಆ ಮಿತಿ ತೆಗೆಯುತ್ತೀರೋ, ಉಳಿಸುತ್ತೀರೋ?’ ಹೌದು ಅಥವಾ ಇಲ್ಲ ಎಂಬಲ್ಲಿಗೆ ಬರಲೇಬೇಕು. ಗೊತ್ತಿಲ್ಲ, ತಿಳಿದು ಹೇಳುತ್ತೇನೆ ಎಂಬ ಉತ್ತರ ಬಂದರೆ ಅದನ್ನು ಕಡಿಮೆ ಅಂಕದ ಉತ್ತರ ಎಂದು ಬರೆಯಬೇಡಿ. ಪ್ರಾಮಾಣಿಕವಾಗಿ ಹೇಳಿದ್ದಾದರೆ ಅದು ಹಾರಿಕೆ ಉತ್ತರಕ್ಕಿಂತ ಎಷ್ಟೋ ಮೇಲು. ಅವರ ಸಿಬ್ಬಂದಿ ನಿಮ್ಮ ಇಮೇಲ್ ಬರೆದುಕೊಂಡರೇ, ವಾರದೊಳಗೆ ಉತ್ತರ ಬಂತೇ ಎಂಬುದೂ ಆ ಅಭ್ಯರ್ಥಿಯ ಶೈಲಿಯ ಭಾಗವೇ.

ಹೋಲಿಸುತ್ತಿರುವ ಎಲ್ಲರಿಗೂ ಅದೇ ಪ್ರಶ್ನೆಯನ್ನು ಅದೇ ಪದಗಳಲ್ಲಿ ಕೇಳಿ. ಪದ ಬದಲಾದರೆ ಹೋಲಿಕೆ ಕೆಡುತ್ತದೆ.

ಅವಕಾಶ ಸಿಗಬೇಕಾದರೆ ಮುಕ್ಕಾಲು ಗಂಟೆ ಮೊದಲು ಹೋಗಿ. ಮೊದಲ ಸಾಲು ಸಾಮಾನ್ಯವಾಗಿ ಸ್ಥಳೀಯ ಮುಖಂಡರಿಗೆ ಮೀಸಲು. ಎರಡು ಮೂರನೇ ಸಾಲಿನ ನಡುದಾರಿ ಪಕ್ಕದ ಕುರ್ಚಿ ಹಿಡಿಯಿರಿ, ಮೈಕ್ ಹೊತ್ತು ಓಡಾಡುವವರು ಅಲ್ಲೇ ಸುಳಿದಾಡುತ್ತಾರೆ. ಅಭ್ಯರ್ಥಿ ಪ್ರಶ್ನೆಗಳಿಗೆ ಸಮಯ ಎಂದ ಕ್ಷಣವೇ ಕೈ ಎತ್ತಿ. ಮೊದಲ ಎರಡು ಪ್ರಶ್ನೆ ಮುಗಿದ ಮೇಲೆ ಹತ್ತಾರು ಕೈ ಏಳುತ್ತವೆ. ಅವಕಾಶ ಸಿಗದಿದ್ದರೆ ಕೊನೆಯಲ್ಲಿ ಕೈ ಕುಲುಕುವ ಸಾಲಿಗೆ ಸೇರಿ. ಅಲ್ಲಿ ಸಿಗುವುದು ಹತ್ತು ಹದಿನೈದು ಸೆಕೆಂಡು ಮಾತ್ರ, ಹಿನ್ನೆಲೆ ಬಿಟ್ಟು ಪ್ರಶ್ನೆಯೊಂದನ್ನೇ ಕೇಳಿ. ಸೆಲ್ಫಿ ಮತ್ತು ಉತ್ತರ ಎರಡೂ ಸಿಗುವುದು ಕಷ್ಟ.

ದಾರಿ ತಪ್ಪಿಸುವ ಸಂಗತಿಗಳು

ತುಂಬಿದ ಹಾಲ್ ಕಂಡು ಮರುಳಾಗಬೇಡಿ. ಬರುವ ಜನರ ಅಂದಾಜಿಗಿಂತ ಸಣ್ಣ ಕೋಣೆ ಹಿಡಿಯುವುದು ಪ್ರಚಾರ ತಂಡಗಳ ಹಳೆಯ ರೂಢಿ. ಅರವತ್ತು ಜನ ಸಣ್ಣ ಕೋಣೆಯಲ್ಲಿ ಕಿಕ್ಕಿರಿದಂತೆ ಕಾಣುತ್ತಾರೆ, ಶಾಲೆಯ ಜಿಮ್‌ನಲ್ಲಿ ಚದುರಿದಂತೆ. ಹೊರಗಿನ ವಾಹನಗಳ ನಂಬರ್ ಪ್ಲೇಟ್ ನೋಡಿ: ಮ್ಯಾಸಚೂಸೆಟ್ಸ್‌ನಿಂದ ಸ್ವಯಂಸೇವಕರು ಗಡಿ ದಾಟಿ ಬರುವುದು ಮಾಮೂಲು, ಚಪ್ಪಾಳೆಯ ಒಂದು ಪಾಲು ಅವರದು.

ಮೂಲೆಯಲ್ಲಿ ಒಬ್ಬರು ಮೊದಲಿಂದ ಕೊನೆಯವರೆಗೂ ಕ್ಯಾಮೆರಾ ಹಿಡಿದು ನಿಂತಿದ್ದರೆ ಅವರು ಪತ್ರಕರ್ತರೇ ಆಗಬೇಕಿಲ್ಲ; ಎದುರಾಳಿಗಳ ಪರ ತಪ್ಪು ಹುಡುಕಲು ಬಂದ ಟ್ರ್ಯಾಕರ್ ಇರಬಹುದು. ಅಭ್ಯರ್ಥಿಗೆ ಇದು ಗೊತ್ತು, ಅದಕ್ಕೇ ಕೆಲವೊಮ್ಮೆ ಅವರ ಮಾತು ಅತಿ ಎಚ್ಚರದ್ದಾಗಿರುತ್ತದೆ. ಹಾಗೆಯೇ, ಪ್ರಶ್ನೆ ಕೇಳುವವರಲ್ಲಿ ಕೆಲವರು ಯಾವುದಾದರೊಂದು ಸಂಘಟನೆ ತರಬೇತಿ ಕೊಟ್ಟು ಕಳಿಸಿದವರು. ಅವರ ಪ್ರಶ್ನೆ ಹರಿತವಾಗಿರುತ್ತದೆ, ಆದರೆ ಅಭ್ಯರ್ಥಿ ಅದನ್ನು ಹತ್ತು ಊರಲ್ಲಿ ಕೇಳಿ ಪಳಗಿರುತ್ತಾರೆ. ಶಾಲಾ ಮಕ್ಕಳ ಪ್ರಶ್ನೆಗೆ ಕೊಡುವ ಉತ್ತರ ಇದಕ್ಕಿಂತ ಹೆಚ್ಚು ತಿಳಿಸುತ್ತದೆ: ಮಗುವನ್ನು ಮುದ್ದಿಸಿ ಚಪ್ಪಾಳೆ ಗಿಟ್ಟಿಸಿದರೋ, ಪ್ರಶ್ನೆಗೆ ಉತ್ತರ ಕೊಟ್ಟರೋ.

ಎತ್ತರ, ದನಿ, ಉಡುಪು ನಮ್ಮನ್ನು ಅರಿವಿಲ್ಲದೆ ಎಳೆಯುತ್ತವೆ. ಒಂದು ಉಪಾಯ ಇದೆ. ಮೊಬೈಲಿನಲ್ಲಿ ಸಭೆಯ ಧ್ವನಿ ಮಾತ್ರ ದಾಖಲಿಸಿ, ಮರುದಿನ ಪ್ರಶ್ನೋತ್ತರದ ಭಾಗವನ್ನಷ್ಟೇ ಕೇಳಿ. ಮುಖ ಕಾಣದಿದ್ದಾಗ ಉತ್ತರದೊಳಗೆ ಉತ್ತರ ಇದೆಯೋ ಇಲ್ಲವೋ ಬೇಗ ತಿಳಿಯುತ್ತದೆ. ಮನೆ ಸಭೆಯಾದರೆ ದಾಖಲಿಸುವ ಮುನ್ನ ಆತಿಥೇಯರನ್ನು ಕೇಳುವುದು ಕ್ರಮ.

ಟಿಪ್ಪಣಿ

ಸಭೆಯಿಂದ ಹೊರಬಂದ ಕಾಲು ಗಂಟೆಯೊಳಗೆ, ಜೊತೆಗೆ ಬಂದವರ ಹತ್ತಿರ ಚರ್ಚೆ ಶುರು ಮಾಡುವ ಮುನ್ನವೇ, ಕಾರಿನಲ್ಲಿ ಕೂತು ಬರೆಯಿರಿ. ಅಭ್ಯರ್ಥಿ ಎಷ್ಟು ನಿಮಿಷ ಮಾತಾಡಿದರು, ಪ್ರಶ್ನೆಗಳಿಗೆ ಎಷ್ಟು ನಿಮಿಷ ಬಿಟ್ಟರು. ಒಂದು ಗಂಟೆಯ ಸಭೆಯಲ್ಲಿ ಪ್ರಶ್ನೆಗೆ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಸಿಕ್ಕಿದ್ದರೆ ಅದು ಸಣ್ಣ ರ‍್ಯಾಲಿ ಎಂದೇ ಲೆಕ್ಕ. ಎಷ್ಟು ಪ್ರಶ್ನೆ ಬಂದವು, ಎಷ್ಟಕ್ಕೆ ನೇರ ಉತ್ತರ ಸಿಕ್ಕಿತು. ಒಪ್ಪದವರು ಮಾತಾಡುವಾಗ ಮಧ್ಯೆ ಬಾಯಿ ಹಾಕಿದರೇ. ಗೊತ್ತಿಲ್ಲ ಎಂದು ಒಮ್ಮೆಯಾದರೂ ಹೇಳಿದರೇ. ಸಿಬ್ಬಂದಿಯನ್ನು ಎಲ್ಲರ ಮುಂದೆ ಹೇಗೆ ನಡೆಸಿಕೊಂಡರು. ಮೈಕ್ ಕೈಕೊಟ್ಟಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಇಷ್ಟವಾಯಿತೇ ಎಂಬುದನ್ನು ಎಲ್ಲಕ್ಕಿಂತ ಕೊನೆಗೆ, ಬೇರೆ ಸಾಲಿನಲ್ಲಿ ಬರೆಯಿರಿ. ಇಷ್ಟವಾಗುವುದನ್ನು ಅಂಕಕ್ಕೆ ಸೇರಿಸಬೇಡಿ, ಆದರೆ ಮರೆಮಾಚಲೂ ಬೇಡಿ. ಯಾವ ಅಂಕ ಇಷ್ಟದಿಂದ ಏರಿದೆ ಎಂದು ಆಮೇಲೆ ಪತ್ತೆಮಾಡಲು ಅದು ಬೇಕು.

ಬಾಗಿಲಲ್ಲಿ ಹೆಸರು, ಫೋನ್ ನಂಬರ್ ಬರೆಸಿಕೊಳ್ಳುವ ಕಾರ್ಯಕರ್ತರೂ ನಿಮಗೆ ಅಂಕ ಹಾಕುತ್ತಿರುತ್ತಾರೆ. ಒಂದು ಎಂದರೆ ಗಟ್ಟಿ ಬೆಂಬಲಿಗ, ಐದು ಎಂದರೆ ಎದುರಾಳಿಯ ಕಡೆ, ಮೂರು ಎಂದರೆ ತೀರ್ಮಾನಿಸದವರು. ಮೂರರಲ್ಲಿ ಉಳಿದರೆ ಫೋನ್ ಕರೆ ಹೆಚ್ಚು ಬರುತ್ತವೆ, ಮುಂದಿನ ಸಭೆಗಳ ಆಹ್ವಾನವೂ ಬರುತ್ತದೆ. ಹೋಲಿಸುತ್ತಿರುವವರಿಗೆ ಅದು ಲಾಭವೇ.

ಈ ಅಳತೆ ಎಲ್ಲಿಯವರೆಗೆ ನಿಲ್ಲುತ್ತದೆ

ಸಣ್ಣ ಸಭೆಯಲ್ಲಿ ಗೆದ್ದವರು ಚುನಾವಣೆ ಗೆಲ್ಲುತ್ತಾರೆ ಎಂದು ಯಾರೂ ಭಾವಿಸಬಾರದು. 2000ದಲ್ಲಿ ಮೆಕೇನ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 114 ಟೌನ್ ಹಾಲ್ ನಡೆಸಿ ಜಾರ್ಜ್ ಬುಷ್ ಅವರನ್ನು 18 ಶೇಕಡ ಅಂಕಗಳಿಂದ ಸೋಲಿಸಿದರು, ಆದರೆ ಟಿಕೆಟ್ ಬುಷ್‌ಗೇ ಹೋಯಿತು. 2016ರಲ್ಲಿ ಕ್ರಿಸ್ಟಿ ಅದೇ ಹಾದಿ ಹಿಡಿದರು. ಮಾದಕ ವ್ಯಸನದ ಬಗ್ಗೆ ಅವರು ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತಿನ ವಿಡಿಯೊ ಲಕ್ಷಾಂತರ ಜನರಿಗೆ ತಲುಪಿತು. ಆದರೂ ಸುಮಾರು ಶೇಕಡ 7 ಮತ ಪಡೆದು ಆರನೆಯವರಾದರು. ಗೆದ್ದದ್ದು ರ‍್ಯಾಲಿಗಳನ್ನೇ ನೆಚ್ಚಿದ ಟ್ರಂಪ್. 2020ರಲ್ಲಿ ಬೈಡನ್ ಅಲ್ಲಿ ಐದನೆಯವರು, ವರ್ಷದ ಕೊನೆಗೆ ಚುನಾಯಿತ ಅಧ್ಯಕ್ಷರು. ಸಭೆಯ ಅಳತೆ ನಿಮ್ಮ ಒಂದು ಮತಕ್ಕಾಗಿ, ಗೆಲ್ಲುವ ಕುದುರೆ ಹುಡುಕಲು ಅಲ್ಲ.

ಕೆಳಗಿನ ಹಂತದ ಪ್ರೈಮರಿಗಳಲ್ಲಿ ಈ ಅಳತೆಗೆ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಟಿವಿ ಜಾಹೀರಾತು ಕಡಿಮೆ, ಮತ ಹಾಕುವವರೂ ಕಡಿಮೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಸ್ಥಾನದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮೂರನೆಯವರಾಗಿ ಸೋತರು. 2022ರಲ್ಲಿ ಡೆಟ್ರಾಯಿಟ್ ಭಾಗದ 13ನೇ ಕ್ಷೇತ್ರದ ಪ್ರೈಮರಿಯನ್ನು ಸುಮಾರು ಶೇಕಡ 28 ಮತದಲ್ಲೇ ಗೆದ್ದು ಕಾಂಗ್ರೆಸ್ಸಿಗೆ ಹೋದರು. ಮಿಷಿಗನ್‌ನಲ್ಲಿ ಅತಿ ಹೆಚ್ಚು ಮತ ಬಂದವರೇ ಗೆದ್ದಂತೆ. ಟೆಕ್ಸಸ್‌ನಲ್ಲಾದರೆ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಮೊದಲಿಬ್ಬರ ನಡುವೆ ಮತ್ತೊಂದು ಸುತ್ತು ಇರುತ್ತದೆ. ಎರಡನೇ ಸುತ್ತು ಇರುವ ಕಡೆ ಇಬ್ಬರನ್ನು ಮತ್ತೆ ಹೋಗಿ ನೋಡಲು ಸಮಯ ಸಿಗುತ್ತದೆ, ಇಲ್ಲದ ಕಡೆ ಮೊದಲೇ ಎಲ್ಲರನ್ನೂ ನೋಡಿ ಮುಗಿಸಬೇಕು. ನ್ಯೂ ಹ್ಯಾಂಪ್‌ಶೈರ್ ಶಾಸನಸಭೆಯ ಕೆಳಮನೆಯಲ್ಲಿ 400 ಸದಸ್ಯರು, ಸಂಬಳ ವರ್ಷಕ್ಕೆ 100 ಡಾಲರ್. ಅಲ್ಲಿ ಅಭ್ಯರ್ಥಿಯೇ ನಿಮ್ಮ ಬಾಗಿಲಿಗೆ ಬರುತ್ತಾರೆ, ಪ್ರಶ್ನೆ ಸಿದ್ಧವಾಗಿಟ್ಟುಕೊಂಡಿರಿ.

ನೀವೇ ಮನೆ ಸಭೆ ಕರೆಯುವುದು ಇವೆಲ್ಲಕ್ಕಿಂತ ಒಳ್ಳೆಯ ದಾರಿ. ಊರಿನ ಪಕ್ಷ ಸಮಿತಿಗೋ ಪ್ರಚಾರ ಕಚೇರಿಗೋ ಬರೆದು ಮೂವತ್ತು ಜನ ಬರುತ್ತಾರೆ ಎಂದು ಖಚಿತಪಡಿಸಿದರೆ ಅಧ್ಯಕ್ಷ ಸ್ಥಾನದ ಸಣ್ಣ ಅಭ್ಯರ್ಥಿಗಳು, ಕಾಂಗ್ರೆಸ್ ಅಭ್ಯರ್ಥಿಗಳು ಒಪ್ಪುತ್ತಾರೆ. ಫೆಡರಲ್ (ರಾಷ್ಟ್ರಮಟ್ಟದ) ಚುನಾವಣೆಗಳಲ್ಲಿ ಮನೆಯಲ್ಲಿ ಊಟ, ತಿಂಡಿ, ಆಹ್ವಾನ ಪತ್ರಗಳಿಗೆ ಒಬ್ಬರು ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 1,000 ಡಾಲರ್‌ವರೆಗೆ ಮಾಡಿದ ಖರ್ಚು ದೇಣಿಗೆ ಎಂದು ಲೆಕ್ಕಕ್ಕೆ ಬರುವುದಿಲ್ಲ. ಖರ್ಚು ಮಾಡುವವರು ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರೇ ಆಗಿರಲಿ. ಒಂದೇ ತಿಂಗಳಲ್ಲಿ ಇಬ್ಬರು ಎದುರಾಳಿಗಳನ್ನು ಒಂದೇ ಮನೆಗೆ, ಅದೇ ಜನರ ಮುಂದೆ ಕರೆಯಲು ಸಾಧ್ಯವಾದರೆ ಅದಕ್ಕಿಂತ ಶುದ್ಧವಾದ ಹೋಲಿಕೆ ಸಿಗಲಾರದು.

ಮತದಾನದ ನಿಯಮ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಲ್ಲಿ ಪಕ್ಷದ ಹೆಸರಿನಲ್ಲಿ ನೋಂದಾಯಿಸದವರಿಗೆ ಪಕ್ಷದ ಪ್ರೈಮರಿಯಲ್ಲಿ ಮತವಿಲ್ಲ, ಆದ್ದರಿಂದ ಸಭೆಗಳಿಗೆ ಅಲೆಯುವ ಮೊದಲು ನೋಂದಣಿ ನೋಡಿಕೊಳ್ಳಿ. ನ್ಯೂಜೆರ್ಸಿಯಲ್ಲಿ ಪಕ್ಷಕ್ಕೆ ಸೇರದವರು ಪ್ರೈಮರಿಯ ದಿನ ಮತಗಟ್ಟೆಯಲ್ಲೇ ಪಕ್ಷ ಆರಿಸಬಹುದು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪಕ್ಷ ಘೋಷಿಸದ ಮತದಾರರೂ ಹಾಗೆಯೇ ಯಾವುದಾದರೂ ಒಂದು ಪಕ್ಷದ ಮತಪತ್ರ ಕೇಳಿ ಪಡೆಯಬಹುದು. ಪಡೆದ ಕೂಡಲೇ ಆ ಪಕ್ಷದ ಸದಸ್ಯರೆಂದು ದಾಖಲಾಗುತ್ತಾರೆ. ಈಗಾಗಲೇ ಒಂದು ಪಕ್ಷದಲ್ಲಿ ದಾಖಲಾದವರಿಗೆ ಬದಲಾಯಿಸಲು ಗಡುವು ತಿಂಗಳುಗಳ ಮೊದಲೇ ಮುಗಿಯುತ್ತದೆ. 2024ರ ಜನವರಿ 23ರ ಪ್ರೈಮರಿಗೆ ಅದು 2023ರ ಅಕ್ಟೋಬರ್ 6 ಆಗಿತ್ತು. ಘೋಷಿಸದವರಾಗಿಯೇ ಉಳಿಯಬೇಕೆಂದಿದ್ದರೆ ಮತ ಹಾಕಿ ಹೊರಡುವ ಮುನ್ನ ಅಲ್ಲೇ ಮೇಜಿನ ಬಳಿ ಇರುವ ನಮೂನೆಗೆ ಸಹಿ ಹಾಕಿ ಬನ್ನಿ. ಮರೆತರೆ ಮುಂದಿನ ಪ್ರೈಮರಿಯಲ್ಲಿ ಇನ್ನೊಂದು ಪಕ್ಷದ ಅಭ್ಯರ್ಥಿ ಇಷ್ಟವಾದಾಗ ಕೈ ಕಟ್ಟಿದಂತಾಗುತ್ತದೆ.